ಪಿಟೀಲಿಗೆ ಎಣ್ಣೆ ಬಿಟ್ಟ ಜಾಬರ್

ನನ್ನ ಹೆಂಡತಿ ಸುಶೀಲಾ ತೀರಿಕೊಂಡು ಎಂಟು ತಿಂಗಳಾಯಿತು. ಮಾತನಾಡಿಸಲು ಬಂದವರೆಲ್ಲ ಅವಳ ಪಿಟೀಲಿನ ಬಗ್ಗೆ, ಅವಳು ತಯಾರು ಮಾಡಿದ ಶಿಷ್ಯರ ಬಗ್ಗೆ ಹೇಳುತ್ತಾರೆ. ಆ ಸಾಧನೆಯಲ್ಲಿ ನನ್ನ ಪಾಲು ಎಷ್ಟೆಂದು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ಎಪ್ಪತ್ತರ ದಶಕದಲ್ಲಿ ನಾನು ಸೊಲ್ಲಾಪುರದ ಒಂದು ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುವ ಜಾಬರ್. ನಮ್ಮ ಶಾಸ್ತ್ರದಲ್ಲಿ ಇರುವುದು ಒಂದೇ ಸೂತ್ರ: ಕಿರುಗುಟ್ಟಿದ್ದಕ್ಕೆ ಎಣ್ಣೆ ಬಿಡು. ಆ ಸೂತ್ರದಿಂದ ನಾನು ಗಿರಣಿಯ ಮಗ್ಗಗಳನ್ನೂ ಓಣಿಯ ಹೊಲಿಗೆ ಯಂತ್ರಗಳನ್ನೂ ಮಾವನ ಮನೆಯ ತೊಟ್ಟಿಲನ್ನೂ ಸುಮ್ಮನಾಗಿಸಿದ್ದೆ.

ಸುಶೀಲಾ ಶಾಸ್ತ್ರೀಯ ಸಂಗೀತ ಕಲಿತು, ಮನೆಯಲ್ಲೇ ಪಾಠ ಹೇಳುತ್ತಿದ್ದಳು. ಆದರೆ ಅಕ್ಕಲಕೋಟೆಯ ಒಂದು ಭಜನಾ ಮೇಳದ ಜೊತೆ ನುಡಿಸಬೇಕೆಂಬ ಆಸೆ ಅವಳಿಗೆ. ಮೇಳದ ಹಿರಿಯರನ್ನು ಎಲ್ಲರೂ ಬುವಾ ಎನ್ನುತ್ತಿದ್ದರು. ಎರಡು ವರ್ಷ ಅವರು ಒಪ್ಪಲಿಲ್ಲ. "ಪೇಟಿ ಅದ, ಪಖವಾಜ ಅದ, ತಾಳ ಅದ. ನಡುವ ಪಿಟೀಲು ಯಾಕ ಬೇಕ್ರಿ ಬಾಯಾರ?" ಎಂದು ಮೇಳದ ಹಾರ್ಮೋನಿಯಂ, ಮದ್ದಳೆಗಳತ್ತ ಕೈ ತೋರುತ್ತಿದ್ದರು. ಕೊನೆಗೆ, "ಒಂದ ಸಂಜಿ ಬರ್ರಿ. ಕೂಡಿದ್ರ ಕೂಡ್ತು, ಇಲ್ಲಾಂದ್ರ ಮತ್ತ ಕೇಳಬ್ಯಾಡ್ರಿ" ಎಂದರು.

ಹೊರಡುವ ದಿನ ಬೆಳಿಗ್ಗೆ, ತಂತಿ ಬಿಗಿ ಮಾಡುವ ಬಿರಡೆಯನ್ನು ಅವಳು ತಿರುಗಿಸಿದಾಗ ಅದು ಕಿರ್ ಎಂದಿತು. ಅವಳು ಸ್ನಾನಕ್ಕೆ ಹೋದಳು. ನಾನು ನಾಲ್ಕೂ ಬಿರಡೆಗಳ ಬುಡಕ್ಕೆ ಎರಡೆರಡು ಹನಿ ಗಿರಣಿಯ ಎಣ್ಣೆ ಬಿಟ್ಟೆ. ಬೆಣ್ಣೆಯಂತೆ ತಿರುಗಿದವು. ಎಂಥ ಸಮಾಧಾನ!

ಅಕ್ಕಲಕೋಟೆಯಲ್ಲಿ ಅವಳು ಶ್ರುತಿ ಮಾಡಲು ಕುಳಿತಳು. ಬಿಗಿ ಮಾಡಿ ಕೈ ಬಿಟ್ಟ ಕೂಡಲೇ ತಂತಿ ಸಡಿಲ. ಮತ್ತೆ ಬಿಗಿ, ಮತ್ತೆ ಸಡಿಲ. ಅವಳು ಬಿರಡೆಯನ್ನು ಮೂಸಿ ನೋಡಿದಳು.

"ಏನ್ರೀ, ಇದಕ್ಕ ಎಣ್ಣಿ ಯಾರ ಹಾಕ್ಯಾರ?"

"ಕಿರಗುಟ್ಟಾಕತ್ತಿತ್ತಲ್ಲ..."

"ಬಿರಡಿ ಬಿಗಿ ಹಿಡದ್ರನ ತಂತಿ ನಿಲ್ತದ್ರೀ. ಇದೂ ಮಗ್ಗ ಅಂತ ತಿಳದೀರೇನು?"

ತಪ್ಪು ಒಪ್ಪಿಕೊಂಡು ಸುಮ್ಮನೆ ಕುಳಿತರೆ ನಾನು ಜಾಬರನೇ ಅಲ್ಲ. ಜಿಡ್ಡಿಗೆ ಪುಡಿಯೇ ಮದ್ದು ಎಂದು ತರ್ಕಿಸಿ, ಪಕ್ಕದ ಮನೆಯಿಂದ ಮುಖಕ್ಕೆ ಹಚ್ಚುವ ಪೌಡರ್ ಬೇಡಿ ತಂದು ಸುರಿದೆ. ಕೇರಂ ಹಲಗೆಗೆ ಪೌಡರ್ ಯಾಕೆ ಹಾಕುತ್ತಾರೆ ಎಂಬುದು ಆಮೇಲೆ ನೆನಪಾಯಿತು.

ಅವಳು ಒರೆಸಿ, ಒತ್ತಿ ತುರುಕಿದ ಮೇಲೆ ಮೂರು ಬಿರಡೆಗಳು ಹೇಗೋ ನಿಂತವು. ದಪ್ಪ ತಂತಿಯದು ನಿಲ್ಲಲಿಲ್ಲ. ಅಷ್ಟರಲ್ಲಿ ಬುವಾ ಭಜನೆ ಎತ್ತಿಕೊಂಡರು.

"ಬರ್ರಿ ಇಲ್ಲೆ," ಎಂದಳು ಸುಶೀಲಾ. "ಇದನ್ನ ಹಿಡಕೊಂಡು ಕೂಡ್ರಿ. ಉಸರೂ ಬಿಡಬ್ಯಾಡ್ರಿ."

ನೆಲದ ಮೇಲೆ ಕುಳಿತು ನುಡಿಸುವವರು ಪಿಟೀಲಿನ ಬಿರಡೆಗಳಿರುವ ತುದಿಯನ್ನು ಪಾದದ ಮೇಲೆ ಊರಿಕೊಳ್ಳುತ್ತಾರೆ. ಹೀಗಾಗಿ ಇಡೀ ಅಕ್ಕಲಕೋಟೆಯ ಎದುರು ನಾನು ಹೆಂಡತಿಯ ಪಾದದ ಬಳಿ ತಲೆ ಬಗ್ಗಿಸಿ, ಎರಡೂ ಕೈ ಚಾಚಿ ಕುಳಿತೆ. ಮುಂದಿನ ಸಾಲಿನ ಮುದುಕಿಯೊಬ್ಬಳು ಪಕ್ಕದವಳಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಏನ್ ಮಾಡಿದ್ನೋ ಏನೋ, ಇನ್ನೂ ಮಾಫ್ ಮಾಡವಲ್ಲಳಾಕಿ."

ಮೊದಲು ಪಿಟೀಲು ಬುವಾ ಅವರ ದನಿಯ ಹಿಂದೆ ಹಿಂದೆ ನಡೆಯಿತು. ನಂತರ ಪಕ್ಕಕ್ಕೆ ಬಂತು. ಮೂರನೆಯ ಭಜನೆಯಲ್ಲಿ ಬುವಾ ಅರ್ಧ ಸಾಲು ಹಾಡಿ, ಉಳಿದದ್ದನ್ನು ಅವಳಿಗೇ ಬಿಟ್ಟುಕೊಟ್ಟರು. ಅವಳು ಎತ್ತಿದ ಸ್ವರಕ್ಕೆ ತಾಳದವರು ತಲೆದೂಗಿದರು. ನನಗೂ ತಡೆಯಲಾಗಲಿಲ್ಲ. ಚಪ್ಪಾಳೆ ತಟ್ಟಿದೆ. ಎರಡೂ ಕೈಯಿಂದ!

ದಪ್ಪ ತಂತಿ ಎಮ್ಮೆಯಂತೆ ಒದರಿ ಜೋತುಬಿತ್ತು.

ಸುಶೀಲಾ ನಿಲ್ಲಿಸಲಿಲ್ಲ. ನನ್ನತ್ತ ನೋಡಲೂ ಇಲ್ಲ. ಬುವಾ ಅದೇ ಸಾಲನ್ನು ಮತ್ತೊಮ್ಮೆ ಹಾಡಿ ಅವಳಿಗೆ ದಾರಿ ಮಾಡಿಕೊಟ್ಟರು. ಉಳಿದ ಮೂರು ತಂತಿಗಳಲ್ಲೇ ಅವಳು ಭಜನೆ ಮುಗಿಸಿದಳು.

ಮಂಗಳಾರತಿಯಾದ ಮೇಲೆ ಬುವಾ ನಮ್ಮ ಬಳಿ ಬಂದರು. ಕ್ಷಮೆ ಕೇಳಲು ನಾನು ಬಾಯಿ ತೆರೆದೆ. ಅವರು ಅವಳಿಗೆ ಕೈ ಮುಗಿದರು.

"ಬಾಯಾರ, ಬರೋ ಏಕಾದಶಿಗಿ ಬರ್ರಿ. ಅದರ ಮುಂದಿನದಕ್ಕೂ ಬರ್ರಿ." ನನ್ನನ್ನು ಒಮ್ಮೆ ನೋಡಿದರು. "ಇವರನ್ನ ಮನ್ಯಾಗ ಬಿಟ್ಟು ಬರ್ರಿ."

ಆ ಮೇಳದೊಂದಿಗೆ ಅವಳು ಹತ್ತು ಹನ್ನೆರಡು ವರ್ಷ ನುಡಿಸಿದಳು. ಪ್ರತಿ ಏಕಾದಶಿಗೂ ನಾನು ಪಿಟೀಲಿನ ಪೆಟ್ಟಿಗೆ ಹೊತ್ತು ಬಸ್ ನಿಲ್ದಾಣದವರೆಗೆ ಹೋಗುತ್ತಿದ್ದೆ. ಅವಳು ಬಸ್ಸು ಹತ್ತಿ ಕಿಟಕಿಯಿಂದ ಕೈ ಚಾಚುತ್ತಿದ್ದಳು. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಬೀಗ ಹಾಕಿದಂತೆಯೇ ಇದೆಯೇ ಎಂದು ಎಳೆದು ನೋಡಿ, ಆಮೇಲೆ ನನ್ನತ್ತ ನಗುತ್ತಿದ್ದಳು.

ಅಷ್ಟು ವರ್ಷ ಪೆಟ್ಟಿಗೆ ಹೊತ್ತೆ. ಕೀಲಿ ಮಾತ್ರ ಒಮ್ಮೆಯೂ ನನ್ನ ಕೈಗೆ ಬರಲಿಲ್ಲ.