ಇಬ್ಬರಿಗೊಂದೇ ರಬ್ಬರ್ ಸೂಟು

ತಡೆದುಕೊಳ್ಳುವ ವಿದ್ಯೆಯಲ್ಲಿ ಮುಂಬಯಿಯವರನ್ನು ಮೀರಿಸುವವರಿಲ್ಲ ಎಂಬುದು ನನ್ನ ನಂಬಿಕೆ. ಬೆಳಿಗ್ಗೆ ಚಾಳಿನ ಪಾಯಿಖಾನೆಯ ಮುಂದೆ ಡಬ್ಬಿ ಹಿಡಿದು ನಿಂತಾಗ ಶುರುವಾಗುವ ಈ ಅಭ್ಯಾಸ, ಲೋಕಲ್ ಗಾಡಿ ಎರಡು ಸ್ಟೇಷನ್ನುಗಳ ನಡುವೆ ಕಾರಣ ಹೇಳದೆ ನಿಂತಾಗ ಪಕ್ವವಾಗುತ್ತದೆ. ಭಾಂಡುಪ್‌ನ ಚಾಳಿನಲ್ಲಿ ಸಂಸಾರ ಹೂಡಿದ ನಾನೂ ಇದರಲ್ಲಿ ಪದವೀಧರನೇ. ಆದರೆ ಈ ವಿದ್ಯೆ ನೀರಿನ ಮೇಲೆ ಎಷ್ಟು ಉಪಕಾರಿಯೋ ನೀರಿನ ಕೆಳಗೆ ಅಷ್ಟೇ ಅಪಾಯಕಾರಿ ಎಂಬುದನ್ನು ನಾನು ಕಣ್ಣಾರೆ ಕಂಡೆ. ಕಂಡದ್ದು ಇನ್ನೂ ಕಣ್ಣಿನಿಂದ ಹೋಗಿಲ್ಲ.

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಮತ್ತು ವಾಮನ ಬಂದರಿನ ಹತ್ತಿರದ ಒಂದು ಸಣ್ಣ ಕಂಪನಿಯಲ್ಲಿದ್ದೆವು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗಿ, ಹಡಗುಕಟ್ಟೆಯ ಕಂಬಗಳು ನೀರೊಳಗೆ ಹೇಗಿವೆ ಎಂದು ನೋಡಿ ಬರುವುದು ನಮ್ಮ ಕೆಲಸ. ಮಲ್ಪೆ ಕಡೆಯ ವಾಮನ ಹುಟ್ಟಾ ಮೀನು, ನಾನು ಬಿ.ಎಸ್‌ಸಿ.ಯ ಭಾರದಿಂದ ಮುಳುಗುತ್ತಿದ್ದವನು. ಕಂಬಗಳಿಗೆ ಅಂಟಿದ ಚಿಪ್ಪು ಮೈ ಹರಿಯದಂತೆ, ಚಳಿ ತಾಗದಂತೆ ಕಂಪನಿ ವಿದೇಶದಿಂದ ಕಪ್ಪು ರಬ್ಬರ್ ಸೂಟು ತರಿಸಿತ್ತು. ಆದರೆ ಒಂದೇ ಸೂಟು. ಒಬ್ಬ ಬಿಚ್ಚಿದ ಮೇಲೆ ಇನ್ನೊಬ್ಬ ತೊಡಬೇಕು. ತೊಡಿಸುತ್ತಿದ್ದವನು ನಮ್ಮ ದೋಣಿಯ ಭೀಮಪ್ಪ. ವಿಜಾಪುರದ ಕಡೆಯವನು. ಮೈತುಂಬ ಪೌಡರ್ ಸುರಿದು, ಸೂಟನ್ನು ಮೇಲಕ್ಕೆ ಜಗ್ಗುತ್ತ, "ಹೊಟ್ಟಿ ಒಳಗ ತಗೋರಿ ಸಾಹೇಬ್ರ, ಅಕ್ಕಿ ಚೀಲಾ ಹೊಲಿದಂಗ ಆಗಾಕತ್ತೈತಿ" ಎನ್ನುತ್ತಿದ್ದ.

ಈ ಸೂಟು ತೊಟ್ಟು ನೀರಿಗಿಳಿದ ಸ್ವಲ್ಪ ಹೊತ್ತಿಗೇ ಮೂತ್ರ ಬರುತ್ತದೆ. ತಣ್ಣೀರು ಮೈಯನ್ನು ಎಲ್ಲ ಕಡೆಯಿಂದ ಅಮುಕಿದರೆ ದೇಹ ಹಾಗೆ ಮಾಡುತ್ತದಂತೆ. ಹೊರದೇಶದ ಮುಳುಗುಗಾರರು ಸೂಟಿನೊಳಗೇ ಮುಗಿಸಿಬಿಡುತ್ತಾರಂತೆ, ಬೆಚ್ಚಗೂ ಇರುತ್ತದಂತೆ. ಅವರಿಗೇನು, ತಲೆಗೊಂದು ಸೂಟು. ನಾವೋ ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿದು ಬೆಳೆದವರು. ಎಂಜಲಿಗೇ ಇಷ್ಟು ಅಂಜುವವರು ಇದಕ್ಕೆ ಒಪ್ಪಿಯೇವೆ? ವಾಮನನೇ ಕಾನೂನು ಮಾಡಿದ: "ನೋಡು ಮಾರಾಯ, ಈ ಸೂಟು ಅಂದ್ರೆ ಮಡಿಪಂಚೆ ಇದ್ದ ಹಾಗೆ. ಅರ್ಜೆಂಟಾದ್ರೆ ಮೇಲೆ ಬರುವುದು. ಒಳಗೆ ಮಾತ್ರ ಬೇಡ. ನಿನ್ನಾಣೆ ಉಂಟು." ನಾನೂ ಅವನಾಣೆ ಇಟ್ಟೆ.

ಇಂಥ ಕಟ್ಟುನಿಟ್ಟಿನವನಿಗೆ ಮಾಟುಂಗದಲ್ಲಿ ಹೋಟೆಲಿಟ್ಟ ಭಾವನೊಬ್ಬನಿದ್ದ. ದಿನವೂ ಅಲ್ಲಿಗೆ ಹೋಗಿಯೇ ಕೆಲಸಕ್ಕೆ ಹೋಗಬೇಕು. ಅಕ್ಕನ ಗಂಡ ಕೊಟ್ಟ ಕಾಫಿಯನ್ನು ಬೇಡವೆನ್ನುವ ಧೈರ್ಯ ಕರಾವಳಿಯ ಯಾವ ಗಂಡಸಿಗೂ ಇಲ್ಲ. ಆ ಜನವರಿಯ ಬೆಳಿಗ್ಗೆಯೂ ವಾಮನ ಲೋಟದ ಮೇಲೆ ಕೈ ಮುಚ್ಚಿ, "ಸಾಕು ಭಾವ, ನೀರಿಗೆ ಇಳೀಲಿಕ್ಕುಂಟು" ಎಂದ. "ಎಂತ, ನಮ್ಮ ಕಾಫಿ ಕಹಿಯಾ? ಅಕ್ಕನಿಗೆ ಹೇಳ್ತೇನೆ ನೋಡು" ಎಂದು ಭಾವ ಗಲ್ಲೆಯಿಂದ ಗದರಿದ. ವಾಮನ ಕೈ ತೆಗೆದ.

ಮೊದಲ ಸರದಿ ವಾಮನನದು. ಅವನ ಸೊಂಟದ ಹಗ್ಗ ಭೀಮಪ್ಪನ ಕೈಯಲ್ಲಿತ್ತು. ನಾನು ಪ್ಯಾಂಟು ಶರ್ಟಿನಲ್ಲಿ ದೋಣಿಯಲ್ಲಿ ಕೂತು ನನ್ನ ಸರದಿಗೆ ಕಾಯುತ್ತಿದ್ದೆ. ಮೇಲೆ ಬರುವ ಮೊದಲು ಹಗ್ಗ ಜಗ್ಗಬೇಕು, ನಿಧಾನ ಬರಬೇಕು, ಮುಖ್ಯವಾಗಿ ಉಸಿರು ಬಿಡುತ್ತಲೇ ಬರಬೇಕು. ಮೇಲೇರಿದಂತೆ ಎದೆಯೊಳಗಿನ ಗಾಳಿ ಹಿಗ್ಗುತ್ತದೆ, ಬಿಗಿಹಿಡಿದರೆ ಶ್ವಾಸಕೋಶ ಹರಿಯುತ್ತದೆ. ಇದು ನಮ್ಮ ಮೊದಲ ಪಾಠ. ಹಗ್ಗ ಅಲ್ಲಾಡಲೇ ಇಲ್ಲ. ಒಮ್ಮೆಲೇ ನೀರು ಒಡೆದು, ವಾಮನ ಎದೆಮಟ್ಟ ಮೇಲೆ ಚಿಮ್ಮಿ ಹಾಗೆಯೇ ಮಗುಚಿಕೊಂಡ. ಎಳೆದು ದೋಣಿಗೆ ಹಾಕಿದಾಗ ಅವನ ಬಾಯಲ್ಲಿ ಕೆಂಪು ನೊರೆಯಿತ್ತು.

ಆ ನೊರೆಯನ್ನು ನಾನು ಈಗಲೂ ನೋಡುತ್ತೇನೆ. ಅವನು ಮೂತ್ರವನ್ನು ಬಿಗಿಹಿಡಿದು ಮೇಲೆ ಓಡಿದ್ದ. ಅದರ ಜೊತೆಗೆ ಉಸಿರನ್ನೂ ಬಿಗಿಹಿಡಿದಿದ್ದ. ಮನುಷ್ಯನಲ್ಲಿ ಈ ಎರಡಕ್ಕೂ ಬೀಗ ಒಂದೇ ಎಂದು ತೋರುತ್ತದೆ. ಓದುಗರು ಬೇಕಾದರೆ ಪರೀಕ್ಷಿಸಬಹುದು, ನೆಲದ ಮೇಲೆ.

"ಏ ವಾಮಣ್ಣಾ, ಕಣ್ಣ ತೆಗಿಯೋ ಯಪ್ಪಾ!" ಎಂದು ಭೀಮಪ್ಪ ಹುಟ್ಟು ಹಾಕುತ್ತಲೇ ಅಳುತ್ತಿದ್ದ. ದಡ ಹತ್ತಿರವಾದಾಗ ವಾಮನ ಕಣ್ಣು ತೆರೆದ. ಹೆಂಡತಿಯನ್ನು ಕೇಳುತ್ತಾನೋ ದೇವರನ್ನು ಕರೆಯುತ್ತಾನೋ ಎಂದು ಬಾಗಿದೆ. "ಸೂಟು... ಚೊಕ್ಕ ಉಂಟು ಮಾರಾಯ" ಎಂದ.

ಭೀಮಪ್ಪ ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿದ. "ಸಾಹೇಬ್ರ, ನಿಮ್ಮ ಪ್ಯಾಂಟ್ ಹ್ಯಾಂಗ ತೊಯ್ತ್ರೀ?"

"ಇವನನ್ನು ಎಳೆಯುವಾಗ ಸಮುದ್ರದ ನೀರು ಸಿಡಿಯಿತು."

"ಹೌದ್ರಿ, ಹೊಗಿ ಆಡಾಕತ್ತೈತಿ. ಸಮುದ್ರ ಇವತ್ತ ಭಾಳ ಬೆಚ್ಚಗೈತಿ" ಎಂದು ಅವನು ಮತ್ತೆ ಹುಟ್ಟು ಹಾಕಿದ.

ಆಸ್ಪತ್ರೆಯಲ್ಲಿ ನರ್ಸ್ ಕತ್ತರಿ ತಂದಾಗ ವಾಮನ, "ಕಾಪೂ ನಕಾ ಸಿಸ್ಟರ್!" ಎಂದು ಮರಾಠಿಯಲ್ಲಿ ಗೋಗರೆದ. ಕತ್ತರಿಸಬೇಡಿ, ನನ್ನ ದೋಸ್ತನೂ ತೊಡಬೇಕು ಎಂದು ಅವನ ವಾದ. ಆಕೆ ಕೊರಳಿನಿಂದ ಕಾಲಿನವರೆಗೆ ಕತ್ತರಿಸಿಯೇ ಬಿಟ್ಟಳು. ವಾಮನ ಬದುಕಿದ. ನೀರಿನ ಕೆಲಸ ಮಾತ್ರ ಬಿಟ್ಟು, ಭಾವನ ಹೋಟೆಲಿನ ಗಲ್ಲೆಯ ಮೇಲೆ ಕೂತು, ಬೇಡವೆಂದವರಿಗೂ ಕಾಫಿ ಕುಡಿಸುತ್ತಿದ್ದಾನೆ. ಹೊಸ ಸೂಟು ಬಂತು. ಅದಕ್ಕೆ ನಾನೊಬ್ಬನೇ ಒಡೆಯ, ಆಣೆಯ ಹಂಗಿಲ್ಲ. ಆದರೂ ನೀರೊಳಗೆ ಎಷ್ಟು ಪ್ರಯತ್ನಿಸಿದರೂ ಹನಿಯೂ ಬರುತ್ತಿರಲಿಲ್ಲ.

ನೆಲದ ಮೇಲೆ ಬೇರೆಯೇ ಕಥೆ. ಎಲ್ಲಿ ತಡೆದುಕೊಳ್ಳಬೇಕಾಗಿ ಬಂದರೂ ಆ ಕೆಂಪು ನೊರೆ ಕಣ್ಣಮುಂದೆ ಬರುತ್ತದೆ, ನಾನು ಬುಸ್ಸೆಂದು ಉಸಿರು ಬಿಡತೊಡಗುತ್ತೇನೆ. ಚಾಳಿನ ಕ್ಯೂನಲ್ಲಿ ಇದನ್ನು ಕಂಡ ನೆರೆಯವರು ಪ್ರಾಣಾಯಾಮವೆಂದು ತಿಳಿದು ಕಲಿಸಲು ಕೇಳಿದರು. ಕಲಿಸಿದೆ. ಈಗ ಬೆಳಿಗ್ಗೆ ಇಡೀ ಕ್ಯೂ ಬುಸುಗುಡುತ್ತದೆ, ನನ್ನನ್ನು ಗುರೂಜಿ ಎನ್ನುತ್ತಾರೆ. ಆ ಗೌರವದಿಂದಾದರೂ ನನ್ನನ್ನು ಮೊದಲು ಬಿಟ್ಟಾರು ಎಂದು ಆಸೆಪಟ್ಟಿದ್ದೆ. ಆದರೆ ಗುರುವಿಗೆ ತಡೆದುಕೊಳ್ಳುವ ಶಕ್ತಿ ಶಿಷ್ಯರಿಗಿಂತ ಹೆಚ್ಚಿರುತ್ತದೆ ಎಂದು ಕೈಮುಗಿದು, ಒಬ್ಬೊಬ್ಬರಾಗಿ ನನ್ನನ್ನು ದಾಟಿ ಒಳಗೆ ಹೋಗುತ್ತಾರೆ.