ಕೊಸರಿಲ್ಲದ ಅಂಗಡಿ

ರಿಯಾಯಿತಿ ದರದ ದೊಡ್ಡ ಅಂಗಡಿಯಲ್ಲಿ ಕೆಲಸ ಮಾಡುವವರು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಬೆಳಿಗ್ಗೆ ಷಟರ್ ಎತ್ತಿದರೆ ಸಾಕು, ಒಬ್ಬರಲ್ಲ ಒಬ್ಬರು ಬಂದು ಏನಾದರೊಂದು ಮಾಡಿ ಹೋಗುತ್ತಾರೆ. ಕಲಬುರಗಿಯ ಇಂಥದೊಂದು ಅಂಗಡಿಯಲ್ಲಿ ನಾನು ಏಳು ವರ್ಷದಿಂದ ಇದ್ದೇನೆ. ಮೊದಲು ಬಿಲ್ಲಿಂಗ್ ಕೌಂಟರಿನಲ್ಲಿ ಕೂತಿದ್ದೆ, ಈಗ ಸೂಪರ್‌ವೈಸರ್ ಅನ್ನುತ್ತಾರೆ. ಅಂದರೆ ಕೂರುವ ಭಾಗ್ಯವೂ ಹೋಯಿತು ಅಂತ ಅರ್ಥ.

ಇದರ ಜೊತೆಗೆ ನನ್ನ ಮನೆಯ ಒಂದು ಸಂಗತಿ ಹೇಳಬೇಕು. ನನ್ನ ತವರು ಕಮಲಾಪುರ. ಅಲ್ಲಿ ನಮ್ಮಪ್ಪನದು ನಲವತ್ತು ವರ್ಷದ ಕಿರಾಣಿ ಅಂಗಡಿ. ನಾನು ಈ ಕೆಲಸಕ್ಕೆ ಸೇರಿದ ದಿನವೇ ಅಪ್ಪ ತೀರ್ಪು ಕೊಟ್ಟುಬಿಟ್ಟಿದ್ದ: "ಗಿರಾಕಿ ಕೈಲೇ ಸಾಮಾನು ಹೊರಸೋದು ಯಾವ ಸೀಮಿ ಅಂಗಡಿ? ಕೊಸರು ಹಾಕಂಗಿಲ್ಲ, ಮಾತಾಡ್ಸಂಗಿಲ್ಲ. ನಾ ಅದರ ಮೆಟ್ಟಲಾ ಹತ್ತಂಗಿಲ್ಲ."

ಕೊಸರು ಅಂದರೆ ತೂಕ ಮುಗಿದ ಮೇಲೆ ಅಂಗಡಿಯವನು ಮೇಲಿಂದ ಹಾಕುವ ಒಂದು ಹಿಡಿ. ಅಪ್ಪನ ಪ್ರಕಾರ ತಕ್ಕಡಿಯಲ್ಲಿರುವುದು ವ್ಯಾಪಾರ, ಕೊಸರು ಮರ್ಯಾದೆ. ಏಳು ವರ್ಷವಾದರೂ ಅಪ್ಪ ಬರಲಿಲ್ಲ. ಕಣ್ಣಿನ ಆಸ್ಪತ್ರೆಗೆ ಬಂದಾಗಲೂ ನಮ್ಮ ಅಂಗಡಿಯ ಮುಂದೆಯೇ ಆಟೋದಲ್ಲಿ ಹಾದುಹೋಗಿ, ಆ ಕಡೆ ಮುಖ ತಿರುಗಿಸಿ ಕೂತಿದ್ದನಂತೆ. ನನಗೆ ಬಹಳ ಬೇಜಾರಾಗಿತ್ತು. ಮಗಳು ದಿನವಿಡೀ ನಿಂತು ದುಡಿಯುವ ಜಾಗವನ್ನು ಒಂದು ಸಲ ನೋಡಿ ಹೋಗಲಿ ಅನ್ನುವುದಷ್ಟೇ ನನ್ನ ಆಸೆ. ಅದಕ್ಕೇ ಪ್ರತಿ ಬುಧವಾರ ರಜೆಗೆ ಕಮಲಾಪುರಕ್ಕೆ ಹೋದಾಗ ಅಂಗಡಿಯ ಒಂದೊಂದು ಪ್ರಸಂಗ ಹೇಳಿ ಅವನ ಮನಸ್ಸು ಕರಗಿಸಲು ನೋಡುತ್ತಿದ್ದೆ. ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ, ಕೊನೆಗೆ ತಪ್ಪೆಲ್ಲ ನಮ್ಮ ಅಂಗಡಿಯದೇ ಅಂತ ಹೇಳಿ ಎದ್ದುಬಿಡುತ್ತಿದ್ದ.

ಕಡಿದು ನೋಡಿದ ಬ್ಯಾಳಿ

ಒಂದು ದಿನ ಬೇಳೆಕಾಳಿನ ಸಾಲಿನ ಕಡೆಯಿಂದ ಕಟಕ್ ಅಂತ ಶಬ್ದ ಬಂತು. ಹೋಗಿ ನೋಡಿದರೆ ಶರಣಸಿರಸಗಿಯ ಒಬ್ಬ ಹಿರಿಯರು. ತಲೆಗೆ ರುಮಾಲು, ಕೈಯಲ್ಲಿ ತೊಗರಿ ಬೇಳೆಯ ಪಾಕೀಟು. ಅದರ ಮೂಲೆ ಹರಿದು, ಒಂದು ಬೇಳೆ ಬಾಯಿಗೆ ಹಾಕಿ ಕಡಿದು ನೋಡುತ್ತಿದ್ದರು. ಪಕ್ಕದಲ್ಲಿ ಆಗಲೇ ಮೂರು ಪಾಕೀಟು ಮೂಲೆ ಕಳೆದುಕೊಂಡು ಕೂತಿದ್ದವು.

"ಕಾಕಾ, ಪಾಕೀಟು ಹರೀಬಾರದ್ರಿ," ಅಂದೆ.

"ಹರೀದೆ ಹ್ಯಾಂಗ ಕಡೀಲಿ?"

"ಕಡೀಲೂಬಾರದ್ರಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾವೂರವ್ವ ನಿಂದು?"

"ಕಮಲಾಪುರ್ರಿ."

"ತೊಗರಿ ನಾಡಾಗ ಹುಟ್ಟಿ ಇಂಥಾ ಮಾತಾಡ್ತೀಯಲ್ಲವ್ವ," ಅಂದು ನಾಲ್ಕೂ ಪಾಕೀಟನ್ನು ಸಾಲಾಗಿ ಇಟ್ಟು ತೋರಿಸಿದರು. "ಇದು ಹ್ವಾದ ವರ್ಷದ್ದು. ಇದಕ್ಕ ಎಣ್ಣಿ ಹಚ್ಚ್ಯಾರ. ಇದು ನಮ್ಮ ಕಡೀದೇ ಅಲ್ಲ. ಇದೊಂದು ಛಲೋ ಅದ, ಲಗೂನ ಬೇಯ್ತದ."

ಇಷ್ಟು ಪರೀಕ್ಷೆ ಮಾಡಿದ ಮೇಲೆ ಹತ್ತು ಕಿಲೋ ಆದರೂ ಒಯ್ಯುತ್ತಾರೆ ಅಂದುಕೊಂಡೆ. "ಎಷ್ಟು ಕೊಡ್ಲಿ ಕಾಕಾ?"

"ನನಗ್ಯಾಕ? ಮನ್ಯಾಗ ಮೂರು ಚೀಲ ಅದ. ನೀವು ಎಂಥಾದು ಮಾರಾಕತ್ತೀರಿ ಅಂತ ನೋಡಿದೆ. ಹಲ್ಲಿಗೆ ಹಚ್ಚೋ ಪೇಸ್ಟ್ ಎಲ್ಲದ?"

ಕೈ ತೋರಿಸಿದೆ. ಹರಿದ ಪಾಕೀಟುಗಳನ್ನು ಎತ್ತಿಕೊಳ್ಳುವಾಗ ಒಮ್ಮೆಲೇ ಹೊಳೆಯಿತು. ಹಿಂದೆಯೇ ಓಡಿದೆ. ಅಷ್ಟರಲ್ಲಿ ಮೂರು ಟ್ಯೂಬಿನ ಮುಚ್ಚಳ ತೆಗೆದಾಗಿತ್ತು.

ಆ ನಾಲ್ಕು ಪಾಕೀಟು ಬೇಳೆ ನಾನೇ ಬಿಲ್ ಮಾಡಿಸಿ ಮನೆಗೆ ಒಯ್ದೆ. ಅವರು ಛಲೋ ಅದ ಅಂದದ್ದು ನಿಜವಾಗಿಯೂ ಬೇಗ ಬೆಂದಿತು. ಅಪ್ಪನಿಗೆ ಹೇಳಿದರೆ, "ಅವರದೇನು ತಪ್ಪು? ಕಡೀಲಾಕ ಕೊಡದವ ಏನೋ ಮುಚ್ಚಿಡ್ತಾನ," ಅಂದ.

ಮ್ಯಾಲಿಂದ ಏನು?

ಮೋಮಿನಪುರದ ಒಬ್ಬ ಖಾಲಾ, ಅಂದರೆ ಚಿಕ್ಕಮ್ಮ, ಮೊದಲ ಸಲ ನಮ್ಮಲ್ಲಿಗೆ ಬಂದಾಗಿನ ಮಾತು. ಸಕ್ಕರೆ, ಚಹಾಪುಡಿ, ಶಾವಿಗೆ ಎಲ್ಲ ಬಿಲ್ ಆಯಿತು. ಕೌಂಟರಿನ ಹುಡುಗಿ ಕೈಗೆ ಚೀಲ ಕೊಟ್ಟಳು. ಖಾಲಾ ಕದಲಲಿಲ್ಲ.

"ಮ್ಯಾಲಿಂದ ಏನೂ ಹಾಕಂಗಿಲ್ಲೇನ ಬೇಟಿ?"

ಹುಡುಗಿ ಹೊಸಬಳು. "ಬಿಸ್ಕೀಟು ಒಂದಕ್ಕ ಒಂದು ಪುಕ್ಕಟೆ ಕೊಟ್ಟೀವಲ್ರೀ ಖಾಲಾ."

"ಅದು ಕಂಪನಿಯವ್ರು ಕೊಟ್ಟಿದ್ದು. ನೀ ಏನು ಕೊಡ್ತಿ?"

ಹುಡುಗಿ ಕಂಪ್ಯೂಟರಿನ ಕಡೆ ನೋಡಿದಳು. ಅದರಲ್ಲಿ ಎಲ್ಲದಕ್ಕೂ ಗುಂಡಿ ಇದೆ, ಕೊಸರಿಗೆ ಇಲ್ಲ. ಹಿಂದೆ ಹನ್ನೆರಡು ಮಂದಿ ಟ್ರಾಲಿ ಹಿಡಿದು ನಿಂತಿದ್ದಾರೆ. ಒಬ್ಬರು "ಲಗೂ ಲಗೂ" ಅಂತಿದ್ದಾರೆ. ಖಾಲಾ ಮಾತ್ರ ನಿಧಾನವಾಗಿ ಕೌಂಟರಿನ ಮೇಲೆ ಕೈ ಊರಿ ನಿಂತರು, ಬೆಳಗಾದರೂ ಸರಿ ಅನ್ನುವ ಹಾಗೆ.

ಕೊನೆಗೆ ಹುಡುಗಿ ಕಾಲ ಬಳಿ ಇಟ್ಟಿದ್ದ ತನ್ನ ಬುತ್ತಿ ಡಬ್ಬಿ ತೆಗೆದು ಅರ್ಧ ಶೇಂಗಾ ಹೋಳಿಗೆ ಮುರಿದು ಕೊಟ್ಟಳು. ಖಾಲಾ ಅಲ್ಲೇ ತಿಂದು, ತಲೆ ಮುಟ್ಟಿ ಹರಸಿ ಹೋದರು.

ಅವತ್ತಿನಿಂದ ಖಾಲಾ ಬೇರೆ ಕೌಂಟರ್ ಖಾಲಿ ಇದ್ದರೂ ಅತ್ತ ಹೋಗುವುದಿಲ್ಲ. "ಇತ್ಲಾಗ ಬರ್ರಿ" ಅಂತ ಕರೆದರೆ, "ನಕ್ಕೋ, ಬ್ಯಾಡ, ನಂದು ಅಂಗಡಿ ಅದು," ಅನ್ನುತ್ತಾರೆ. ರಂಜಾನ್ ಹಬ್ಬದ ದಿನ ಆ ಹುಡುಗಿಗೆ ಅಂತ ಡಬ್ಬಿ ತುಂಬ ಶೀರ್ ಖುರ್ಮಾ ತಂದಿದ್ದರು. ಅಷ್ಟು ಹೊತ್ತಿಗೆ ಹುಡುಗಿಯೂ ಪಳಗಿದ್ದಳು. ಡಬ್ಬಿ ತಗೊಂಡು, "ಮ್ಯಾಲಿಂದ ಏನೂ ಇಲ್ಲೇನ್ರಿ ಖಾಲಾ?" ಅಂದಳು.

ಖಾಲಾ ಮಿಕಿಮಿಕಿ ನೋಡಿ, ಕೈಚೀಲದಲ್ಲಿ ತಡಕಾಡಿ, ಎರಡು ಖಜೂರ ತೆಗೆದು ಡಬ್ಬಿಯ ಮೇಲೆ ಇಟ್ಟರು.

"ಆ ಖಾಲಾನ್ನ ನಿಮ್ಮ ಮಾಲಕರು ನೌಕರಿಗೆ ಇಟ್ಕೋಬೇಕು," ಅಂದ ಅಪ್ಪ.

ಯಾದಿ ಓದಿದ ಮಾಸ್ತರು

ಶಹಾಬಜಾರದ ಒಬ್ಬ ನಿವೃತ್ತ ಮಾಸ್ತರರು. ಅವರು ಸಾಮಾನು ತರುತ್ತಿದ್ದ ಓಣಿಯ ಅಂಗಡಿ ಮುಚ್ಚಿದ್ದರಿಂದ ಮನೆಯವರು ನಮ್ಮಲ್ಲಿಗೆ ಅಟ್ಟಿದ್ದರು. ಒಳಗೆ ಬಂದವರೇ ಸಾಲುಗಳ ನಡುವೆ ನಿಂತು, ಕನ್ನಡಕ ಏರಿಸಿ, ಸಾಮಾನಿನ ಯಾದಿಯ ಚೀಟಿ ತೆಗೆದು ಗಟ್ಟಿಯಾಗಿ ಓದಲು ಶುರು ಮಾಡಿದರು. ಜೀವನವಿಡೀ ಅವರು ಸಂತೆ ಮಾಡಿದ್ದು ಹಾಗೆಯೇ. ಇವರು ಓದಬೇಕು, ಅಂಗಡಿಯವನು ತಂದಿಡಬೇಕು.

"ಅವಲಕ್ಕಿ, ದಪ್ಪಂದು, ಒಂದು ಕಿಲೋ."

ಏನು ದನಿ ಅಂತೀರಿ. ಪಕ್ಕದಲ್ಲಿದ್ದ ಹೆಣ್ಣುಮಗಳೊಬ್ಬಳು ತನಗೇ ಗೊತ್ತಿಲ್ಲದೆ ಅವಲಕ್ಕಿ ತಂದುಕೊಟ್ಟಳು. ಅವಳೂ ನಮ್ಮ ಗಿರಾಕಿಯೇ.

"ಪುಠಾಣಿ, ಅರ್ಧ ಕಿಲೋ."

ಇನ್ನೊಬ್ಬರು ತಂದರು. ನಾನು ಬರುವಷ್ಟರಲ್ಲಿ ಮೂವರು ಗಿರಾಕಿಗಳು ತಮ್ಮ ಟ್ರಾಲಿ ಬಿಟ್ಟು ಮಾಸ್ತರರಿಗೆ ಸಾಮಾನು ಹೊರುತ್ತಿದ್ದರು. ಹಸಿರು ಸೀರೆಯ ಹೆಂಗಸೊಬ್ಬರು ಸಾಬೂನು ತಂದರೆ, "ಇದಲ್ಲವ್ವ, ಬಟ್ಟಿ ಸಾಬೂನ. ಲಕ್ಷ್ಯಗೊಟ್ಟು ಕೇಳ್ಬೇಕು," ಅಂತ ವಾಪಸು ಕಳಿಸಿದರು. ಆಕೆ ಮರುಮಾತಿಲ್ಲದೆ ಹೋಗಿ ಬದಲಿಸಿಕೊಂಡು ಬಂದರು.

ಯಾದಿ ಮುಗಿದ ಮೇಲೆ ಮಾಸ್ತರರು ನನ್ನನ್ನು ಕರೆದು ಹೇಳಿದರು, "ನಿಮ್ಮ ಅಂಗಡಿ ಮಂದಿ ಛಲೋ ಅದಾರ. ಆದ್ರ ಆ ಹಸಿರು ಸೀರಿಯಾಕಿ ಸ್ವಲ್ಪ ನಿಧಾನ. ಹೇಳಿ ತಿದ್ರಿ."

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆ ಹಸಿರು ಸೀರೆಯವರು ಊರಿನ ದೊಡ್ಡ ಡಾಕ್ಟರು. ಅವರನ್ನು ನೋಡಬೇಕಾದರೆ ನಾವು ಅರ್ಧ ದಿನ ಬೆಂಚಿನ ಮೇಲೆ ಕೂರುತ್ತೇವೆ. ಓಡಿ ಹೋಗಿ ಕೈ ಮುಗಿದೆ. "ತಪ್ಪು ತಿಳೀಬ್ಯಾಡ್ರಿ ಡಾಕ್ಟರೇ, ಅವರಿಗೆ ಗೊತ್ತಿಲ್ಲ."

ಡಾಕ್ಟರು ಬಟ್ಟೆ ಸಾಬೂನಿನ ಕೈ ಒರೆಸಿಕೊಳ್ಳುತ್ತ ನಕ್ಕರು. "ಇರ್ಲಿ ಬಿಡ್ರಿ. ನಾ ಏಳನೇ ಕ್ಲಾಸಿನಾಗ ಇದ್ದಾಗೂ ಸರ್ ನಮ್ಮಪ್ಪನ ಮುಂದ ಇದೇ ಹೇಳಿದ್ರು."

ಫೋನ್ ನಂಬರ್

ಮೇಲಿನ ಮೂರರಲ್ಲಿ ಬೇರೆಯವರು ನಗೆಗೀಡಾದರು. ಈಗ ನನ್ನ ಸರದಿ.

ಒಂದು ಬುಧವಾರ ಕಮಲಾಪುರದಲ್ಲಿ ಅಪ್ಪ ಒಳಗೆ ಊಟಕ್ಕೆ ಕೂತಿದ್ದ. ನಾನು ಅಂಗಡಿ ನೋಡಿಕೊಳ್ಳುತ್ತಿದ್ದೆ. ಎದುರು ಮನೆಯ ಮುದುಕಿ ಕಡ್ಡಿಪೆಟ್ಟಿಗೆ ಕೇಳಿಕೊಂಡು ಬಂದಳು. ಏಳು ವರ್ಷದ ರೂಢಿ ನೋಡಿ, ಬಾಯಿ ತನ್ನಷ್ಟಕ್ಕೆ ತಾನೇ ನಡೆಯಿತು. "ನಮಸ್ಕಾರ್ರಿ, ಬ್ಯಾಗ್ ಬೇಕೇನ್ರಿ? ನಿಮ್ಮ ಮೊಬೈಲ್ ನಂಬರ್ ಹೇಳ್ರಿ."

ಮುದುಕಿ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದಳು. ನನ್ನನ್ನು ಎತ್ತಿ ಆಡಿಸಿದವಳು ಅವಳು.

"ನನ್ನ ನಂಬರ್ ಯಾಕ ಬೇ? ಎದುರಿಗೇ ಕೂತಿರ್ತೀನಲ್ಲ, ಬೇಕಾದ್ರ ಒದರು."

ಒಳಗೆ ಅಪ್ಪನಿಗೆ ನಗುವಿನ ಜೊತೆ ತುತ್ತು ನೆತ್ತಿಗೇರಿತು. ಅವ್ವ ಬೆನ್ನು ಗುದ್ದಿ ನೀರು ಕುಡಿಸಿದಳು. ಕಣ್ಣೊರೆಸಿಕೊಂಡು ಹೊರಗೆ ಬಂದವನು, ಮುದುಕಿಗೆ ಕೊಸರಾಗಿ ಒಂದು ಚೂರು ಬೆಲ್ಲ ಕೊಟ್ಟು, ನನ್ನ ಕಡೆ ತಿರುಗಿ ಅಂದ: "ನನ್ನ ಮಗಳಿಗೆ ಇಂಥಾ ವಿದ್ಯಾ ಕಲಿಸಿದ ಅಂಗಡಿ ಒಮ್ಮೆ ನೋಡೇ ಬಿಡ್ತೀನಿ ಯವ್ವಾ."

ಏಳು ವರ್ಷ ನಾನು ಹೇಳಿದ್ದಕ್ಕೆ ಜಗ್ಗದವನು ನನ್ನ ದಡ್ಡತನಕ್ಕೆ ಜಗ್ಗಿದ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಪ್ಪ ಬಂದ

ಭಾನುವಾರ, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತಿನಲ್ಲಿ ಅಪ್ಪ ಬಂದ. ಬಿಳಿ ಧೋತರ, ಹೆಗಲಿಗೆ ಟವೆಲ್ಲು, ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು. ಬಾಗಿಲ ಕಾವಲುಗಾರ ಹಣ್ಣು ಒಳಗೆ ಬಿಡುವುದಿಲ್ಲ ಅಂದ.

"ಮಗಳ ಹಂತ್ಯಾಕ ಬರಿಗೈಲೇ ಹೋಗ್ಲಾ?"

"ರೂಲ್ಸ್ ಅದಾವ್ರಿ ಕಾಕಾ." ಹಣ್ಣು ಇಟ್ಟುಕೊಂಡು ಟೋಕನ್ ಕೊಟ್ಟ. ಅಪ್ಪ ಆ ಟೋಕನ್ನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಜೇಬಿಗೆ ಹಾಕಿಕೊಂಡ.

ಕೈ ಹಿಂದೆ ಕಟ್ಟಿಕೊಂಡು ಸಾಲು ಸಾಲು ನೋಡಿದ. ಓರೆಯಾಗಿದ್ದ ಡಬ್ಬಿ ಸರಿ ಮಾಡಿದ. ಒಂದು ಕಡೆ ಧೂಳು ಕಂಡು ಟವೆಲ್ಲಿನಿಂದ ಒರೆಸಿದ. ನಾನು ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಹಿಂದೆ ಹಿಂದೆ ನಡೆದೆ.

"ಸಾವ್ಕಾರ ಎಲ್ಲಿ ಕೂಡ್ತಾನ?" ಅಂದ.

"ಯಾರೂ ಕೂಡಂಗಿಲ್ಲಪ್ಪಾ."

"ಮತ್ತ ಗಿರಾಕಿ ಯಾರ ಜೋಡಿ ಮಾತಾಡ್ತಾರ?"

ಉತ್ತರಕ್ಕೆ ಅಪ್ಪ ಕಾಯಲಿಲ್ಲ. ಒಂದು ಕಿಲೋ ಬೆಲ್ಲದ ಪಾಕೀಟು ಎತ್ತಿಕೊಂಡು, ಬೇಡವೆಂದರೂ ಕೇಳದೆ, ಎಲ್ಲರಂತೆ ಸಾಲಿನಲ್ಲಿ ನಿಂತು, ಖಾಲಾನ ಹುಡುಗಿಯ ಹತ್ತಿರವೇ ಬಿಲ್ ಮಾಡಿಸಿದ. ಆಮೇಲೆ ಬೆಲ್ಲದ ಅಚ್ಚನ್ನು ಕೌಂಟರಿನ ಅಂಚಿಗೆ ಧಡ್ ಅಂತ ಬಡಿದ.

ಅಂಗಡಿಯೆಲ್ಲ ಇತ್ತ ತಿರುಗಿತು.

"ತಗೋ ಯವ್ವಾ, ಕೊಸರು," ಅಂತ ಹುಡುಗಿಗೆ ಮೊದಲ ಚೂರು ಕೊಟ್ಟ. ನಂತರ ಹಿಂದಿನವರಿಗೆ, ಅವರ ಹಿಂದಿನವರಿಗೆ. "ತಗೋರಿ, ನಾಚಬ್ಯಾಡ್ರಿ." ಟ್ರಾಲಿಯಲ್ಲಿ ಕೂತಿದ್ದ ಕೂಸುಗಳಿಗೂ ಬಂತು. ಖಾಲಾ ಅಲ್ಲೇ ಇದ್ದರು. ಒಂದು ಚೂರು ತಿಂದು, ಕೈ ಹಾಗೇ ಚಾಚಿ, "ಮ್ಯಾಲಿಂದ?" ಅಂದರು. ಅಪ್ಪ ಸಂತೋಷದಿಂದ ಇನ್ನೊಂದು ಹಾಕಿದ.

ಅಷ್ಟರಲ್ಲಿ ನಮ್ಮ ಮ್ಯಾನೇಜರ್ ಬಂದರು. ನಿಯಮ ಅಂದರೆ ಪ್ರಾಣ ಅವರಿಗೆ. ನನ್ನ ನೌಕರಿ ಹೋಯಿತು ಅಂದುಕೊಂಡೆ. ಅವರು "ಏನಿದು?" ಅನ್ನಲು ಬಾಯಿ ತೆರೆದರು, ಅಪ್ಪ ಆ ಬಾಯಿಗೇ ಒಂದು ಚೂರು ಇಟ್ಟ. ಹಿರಿಯರು ತಿನ್ನಿಸಿದ್ದನ್ನು ಉಗುಳುವ ಹಾಗಿಲ್ಲ. ಮ್ಯಾನೇಜರ್ ಅಗಿಯುತ್ತ ನಿಂತರು.

ಇನ್ನು ಉಳಿದದ್ದು ಬಾಗಿಲು. ಬಿಲ್ಲಿಗೂ ಚೀಲಕ್ಕೂ ತಾಳೆ ನೋಡಿ ಠಸ್ಸೆ ಒತ್ತುವುದು ಕಾವಲುಗಾರನ ಕೆಲಸ. ಬಿಲ್ಲಿನಲ್ಲಿ ಒಂದು ಕಿಲೋ ಬೆಲ್ಲ. ಕೈಯಲ್ಲಿ ಬರೀ ಮುದುಡಿದ ಪಾಕೀಟು.

"ಕಾಕಾ, ಮಾಲು ಎಲ್ಲದ?"

ಅಪ್ಪ ತಿರುಗಿ ಅಂಗಡಿಯ ಕಡೆ ಕೈ ಮಾಡಿದ. ಬಿಲ್ಲಿಂಗ್ ಸಾಲಿನಲ್ಲಿ ಎಲ್ಲರ ಕೆನ್ನೆಗಳೂ ಉಬ್ಬಿದ್ದವು. "ಅಲ್ಲೇ ಅದ, ತೂಕ ಹಾಕ್ಕೋ." ಪಾಕೀಟಿನ ಮೂಲೆಯಲ್ಲಿ ಉಳಿದಿದ್ದ ಕೊನೆಯ ಚೂರನ್ನು ಅವನ ಕೈಗೇ ಕೊಟ್ಟ. ಕಾವಲುಗಾರ ಅದನ್ನು ಬಾಯಿಗೆ ಹಾಕಿಕೊಂಡು ಠಸ್ಸೆ ಒತ್ತಿದ.

ಹಣ್ಣನ್ನು ಟೋಕನ್ ಕೊಟ್ಟು ಬಿಡಿಸಿಕೊಂಡು, ಹೊರಗೆ ಬಂದ ಮೇಲೆ ನನ್ನ ಕೈಗಿಟ್ಟ. "ಅಂಗಡಿ ಛಲೋ ಅದ ಯವ್ವಾ. ಸ್ವಚ್ಛ ಅದ. ನೀ ಭಾಳ ನಿಂದರ್ತಿ, ಕಾಲಿಗೆ ಎಣ್ಣಿ ಹಚ್ಕೋ," ಅಂದ. ಏಳು ವರ್ಷ ಕಾದ ಮಾತು. ನಾನು ಹಣ್ಣಿನ ಚಿಪ್ಪು ಹಿಡಿದು ಅಲ್ಲೇ ಅತ್ತುಬಿಟ್ಟೆ.

ಅದಾದ ಮೇಲೆ ಶುರುವಾಯಿತು ನೋಡಿ. ಮರುದಿನದಿಂದ ಒಬ್ಬರಲ್ಲ ಒಬ್ಬರು ಕೌಂಟರಿನಲ್ಲಿ ನಿಂತು ಕೇಳುತ್ತಾರೆ, "ಸಾವ್ಕಾರ್ರು ಇವತ್ತ ಬಂದಿಲ್ಲೇನ್ರಿ?" ಖಾಲಾ ಅಂತೂ ದಿನಾ ಕೇಳುತ್ತಾರೆ, "ಸೇಠ್ ಯಾವಾಗ ಬರ್ತಾರ ಬೇಟಿ?" ಮ್ಯಾನೇಜರ್ ಪಕ್ಕದಲ್ಲಿ ಟೈ ಕಟ್ಟಿಕೊಂಡು ನಿಂತಿದ್ದರೂ ಅವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬುಧವಾರ ಹೋಗಿ ಅಪ್ಪನಿಗೆ ಹೇಳಿದೆ. "ಎಲ್ಲಾರೂ ನಿನ್ನನ್ನೇ ಮಾಲಕ ಅಂತ ತಿಳ್ಕೊಂಡಾರಪ್ಪಾ. ಏನ್ ಹೇಳ್ಲಿ ಅವರಿಗೆ?"

ಅಪ್ಪ ತಕ್ಕಡಿಯಿಂದ ಕಣ್ಣೆತ್ತಲಿಲ್ಲ. ಯಾರಿಗೋ ಶೇಂಗಾ ತೂಗುತ್ತಿದ್ದ. ಮೇಲೆ ಒಂದು ಹಿಡಿ ಹಾಕಿ, ಪೊಟ್ಟಣ ಕಟ್ಟಿ, ಗಂಭೀರವಾಗಿ ಹೇಳಿದ:

"ಅದು ಬರೇ ಬ್ರಾಂಚ್, ಮಗಳು ನೋಡ್ಕೋತಾಳ ಅಂತ ಹೇಳು. ಹೆಡ್ ಆಫೀಸ್ ಕಮಲಾಪುರದಾಗ ಅದ."