ಒಬ್ಬನೇ ಸಮುದ್ರಕ್ಕೆ ಹೊರಟ ತಪ್ಪಿಗೆ

ನಮ್ಮ ಕಡೆ ಗಂಡಸು ಒಬ್ಬನೇ ಬ್ಯಾಗು ಕಟ್ಟಿಕೊಂಡು ಊರು ಬಿಟ್ಟರೆ ಅದಕ್ಕೆ ಎರಡೇ ಅರ್ಥ. ಒಂದು ಆಸ್ಪತ್ರೆ, ಇನ್ನೊಂದು ಹೆಂಡತಿ ಜೊತೆ ಜಗಳ. ಮೂರನೇ ಅರ್ಥವೂ ಇರಬಹುದು ಅಂತ ಮಂಡ್ಯ ಜಿಲ್ಲೆಯಲ್ಲಿ ಯಾರಿಗೂ ಇದುವರೆಗೆ ಹೊಳೆದಿಲ್ಲ. ಹಾಗಾಗಿ ನನಗೆ ಆದಂಥದ್ದು ನಮ್ಮಲ್ಲಿ ಆಗ್ತಾನೇ ಇರುತ್ತೆ. ಯಾರೂ ಬಾಯಿ ಬಿಟ್ಟು ಹೇಳಿಕೊಳ್ಳಲ್ಲ, ಅಷ್ಟೆ.

ಕಿರುಗಾವಲಿನಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ. ಪಂಪ್‌ಸೆಟ್ಟಿನ ಮೋಟಾರು ಸುಟ್ಟುಹೋದರೆ ಜನ ನನ್ನ ಹತ್ತಿರ ತರ್ತಾರೆ. ನಾಲೆಗೆ ನೀರು ಬಿಟ್ಟರೆ ಪಂಪ್‌ಸೆಟ್ಟಿಗೂ ರಜಾ, ನನಗೂ ರಜಾ. ಈ ಸಲ ನೀರು ಬಿಟ್ಟ ಮಾರನೇ ದಿನವೇ ಹಳೇ ಬೈಕನ್ನು ಸರ್ವಿಸ್ ಮಾಡಿಸಿ, ಸಮುದ್ರ ನೋಡಿಕೊಂಡು ಬರ್ತೀನಿ, ಒಬ್ಬನೇ ಹೋಗ್ತೀನಿ ಅಂತ ಹೆಂಡತಿಗೆ ಹೇಳಿದೆ.

ಒಬ್ಬನೇ ಯಾಕೆ ಅನ್ನೋದಕ್ಕೆ ಒಂದು ಕಥೆ ಇದೆ. ನನಗೆ ಮದುವೆಯಾದ ಹೊಸದರಲ್ಲಿ ನಮ್ಮ ಬೀದಿಯವರೆಲ್ಲ ಬಸ್ಸು ಮಾಡಿಕೊಂಡು ಧರ್ಮಸ್ಥಳಕ್ಕೆ ಹೋಗಿದ್ದೆವು. ನಮ್ಮ ಜನ ಟೂರಿಗೆ ಹೋದರೆ ಹೋಟೆಲಿಗೆ ಕಾಲಿಡಲ್ಲ. ಸ್ಟೌವು, ಹಂಡೆ, ರಾಗಿಹಿಟ್ಟು, ಮುದ್ದೆ ಕೋಲು ಎಲ್ಲಾ ಜೊತೆಗೇ ಬರುತ್ತೆ. ಅಲ್ಲಿಂದ ಮುಂದೆ ಹೋಗಿ ಬಸ್ಸು ಸಮುದ್ರದ ಹತ್ತಿರ ಒಂದು ತೋಪಿನ ಹಿಂದೆ ನಿಂತಾಗ ಬೀದಿಯ ಯಜಮಾನರು, "ಪಾತ್ರೆ ತಾವ ಒಬ್ಬ ಇರ್ಲಿ ಕಣ್ರಲಾ" ಅಂತ ಸುತ್ತ ನೋಡಿದರು. ಅವರ ಕಣ್ಣು ನನ್ನ ಮೇಲೆ ಬಿತ್ತು. ಎಲ್ಲರೂ ಹೋಗಿ, ನೆಂದು, ಕತ್ತಲಾದ ಮೇಲೆ ಬಂದರು. ಬಸ್ಸು ಹೊರಟಿತು. ನನಗೆ ಸಿಕ್ಕಿದ್ದು ಅಲೆಯ ಸದ್ದು ಮಾತ್ರ. ಅವತ್ತಿನಿಂದ ಇವತ್ತಿನವರೆಗೂ ನನ್ನ ಹೆಂಡತಿ, "ಅಬ್ಬಬ್ಬಾ, ಏನ್ ಅಲೆ ಅಂತೀರಿ!" ಅಂತ ನನಗೇ ಸಮುದ್ರದ ವರ್ಣನೆ ಮಾಡ್ತಾ ಬಂದಿದ್ದಾಳೆ.

ಹಾಗಾಗಿ ಯಾರನ್ನೂ ಕರೆಯೋದು ಬೇಡ ಅಂತ ತೀರ್ಮಾನ ಮಾಡಿದ್ದೆ. ಅವಳೂ ನಕ್ಕು, "ಓಗ್ಬನ್ನಿ, ಪಾಪ" ಅಂದಳು. ತನ್ನ ಕೈಯಾರೆ ಕೋಡುಬಳೆ ಕರಿದು ಡಬ್ಬಿಗೆ ಹಾಕಿಕೊಟ್ಟಳು. ನಮ್ಮ ಮನೆಯಲ್ಲಿ ನಡೆದದ್ದು ಇಷ್ಟೇ. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ, ಯಾಕಂದರೆ ಮುಂದೆ ಯಾರೂ ಇದನ್ನು ನಂಬಲಿಲ್ಲ.

ಕೋಡುಬಳೆಯ ಸಾಕ್ಷಿ

ದಾರಿಯಲ್ಲೇ ಕೊತ್ತತ್ತಿ. ಅಲ್ಲಿ ನನ್ನ ಭಾವಮೈದನ ಮನೆ. ಬಾಗಿಲ ಮುಂದೆ ನಿಲ್ಲಿಸದೆ ಹೋದರೆ ಅದೇ ಒಂದು ಜಗಳ ಆಗುತ್ತೆ ಅಂತ ಇಳಿದೆ. ಭಾವಮೈದನ ಹೆಂಡತಿ ನೀರು ತಂದುಕೊಟ್ಟು, ಬೈಕಿಗೆ ಕಟ್ಟಿದ್ದ ಬ್ಯಾಗು ನೋಡಿದಳು.

"ಅಕ್ಕ ಎಲ್ಲಣ್ಣ?"

"ಮನೇಲವ್ಳೆ ಕಣಮ್ಮ."

"ಉಸಾರಿಲ್ವಾ?"

"ಗುಂಡ್ಕಲ್ಲಂಗವ್ಳೆ."

"ಮತ್ತೆ ನೀವೊಬ್ರೇ?"

ಸಮುದ್ರ ನೋಡೋಕೆ ಅಂದೆ. ಅವಳು ಹಿತ್ತಲ ಕಡೆ ಓಡಿದಳು. ಗದ್ದೆಯಲ್ಲಿದ್ದ ಭಾವಮೈದ ಕೆಸರುಗಾಲಲ್ಲೇ ಬಂದು ನನ್ನ ಪಕ್ಕ ಕೂತ. "ಭಾವ, ನಮ್ಮಕ್ಕನ ಬಾಯಿ ವಸಿ ಜೋರು, ನಂಗೂ ಗೊತ್ತು. ಚಿಕ್ ವಯಸ್ನಿಂದ್ಲೂ ಅಂಗೇಯ. ನೀವು ಒಟ್ಟೆಗಾಕ್ಕಳಿ" ಅಂದ.

ಜಗಳಾನೇ ಆಗಿಲ್ಲ ಮಾರಾಯ ಅಂದೆ. "ಅಂಗೇ ಅಂತೀರಿ ಬುಡಿ. ನೀವು ದೊಡ್ ಮನುಸ್ರು, ಮನೆ ಇಸ್ಯ ಆಚೆ ಆಡಕಿಲ್ಲ" ಅಂದ. ಬಿಸಿ ಮುದ್ದೆ, ಬಸ್ಸಾರು ಇಕ್ಕಿದರು. ಎರಡನೇ ಮುದ್ದೆಗೆ ಬೇಡ ಅಂದರೆ, "ಕ್ವಾಪ ಅನ್ನದ ಮ್ಯಾಲೆ ತೋರಿಸ್ಬಾರ್ದು" ಅಂತ ಅದನ್ನೂ ತಟ್ಟೆಗೆ ಹಾಕಿದರು. ಉಂಡು ಹೊರಟರೆ ಬೈಕಿನ ಕೀ ಇಲ್ಲ! ಹುಡುಕಿ ಹುಡುಕಿ ಸಾಕಾದ ಮೇಲೆ ಭಾವಮೈದ ತನ್ನ ಜೇಬಿನಿಂದಲೇ ತೆಗೆದು, "ಸಂಜೆಗಂಟ ಇದ್ದು ಕ್ವಾಪ ಇಳಿಸ್ಕಂಡು ಓಗ್ಲಿ ಅಂತ ಮಡಗಿದ್ದೆ" ಅಂದ.

ನನಗೆ ರೇಗಿತು. ಬ್ಯಾಗಿನಿಂದ ಡಬ್ಬಿ ತೆಗೆದು ಅವನ ಮುಂದೆ ಹಿಡಿದೆ. "ನೋಡಯ್ಯ, ನಿಮ್ಮಕ್ಕನೇ ಕರಿದು ಕೊಟ್ಟಿರೋದು. ಜಗಳ ಆಡಿದ ಹೆಂಡ್ತಿ ಕೋಡುಬಳೆ ಕಟ್ಟಿಕೊಡ್ತಾಳಾ?"

ಅವನು ಒಂದು ತೆಗೆದು ಕಟಂ ಅಂತ ಕಡಿದ. ಕಣ್ಣು ಮುಚ್ಚಿ ಅಗಿದ. ಆಮೇಲೆ ತಲೆಯಾಡಿಸಿ, "ಉಪ್ಪು ಜಾಸ್ತಿ ಆಗದೆ. ನೋಡುದ್ರಾ, ಕ್ವಾಪದಲ್ಲೇ ಮಾಡವ್ಳೆ" ಅಂದ.

ಮಳವಳ್ಳಿಯ ಲಾರಿಯವನು

ಘಾಟಿ ಇಳಿಯೋಕೆ ಮುಂಚೆ ಒಂದು ಟೀ ಅಂಗಡಿಯಲ್ಲಿ ನಿಂತಿದ್ದೆ. ಮಂಜು ಹೇಗೆ ಬಿದ್ದಿತ್ತು ಅಂದರೆ ಎದುರಿನ ರಸ್ತೆ ಕಾಣ್ತಿರಲಿಲ್ಲ. ಒಬ್ಬ ಲಾರಿ ಡ್ರೈವರ್ ನನ್ನ ಬೈಕಿನ ನಂಬರ್ ಪ್ಲೇಟು ನೋಡಿ, "ಕೆಎ ಹನ್ನೊಂದು! ಯಾವೂರಣ್ಣ?" ಅಂದ. ಅವನದು ಮಳವಳ್ಳಿ. ಪರಸ್ಥಳದಲ್ಲಿ ನಮ್ಮೂರ ಕಡೆಯವನು ಸಿಕ್ಕಿದ ಅಂತ ನನಗೂ ಖುಷಿಯಾಯಿತು.

"ಒಬ್ರೇಯಾ?" ಅಂದ. ಹೂಂ ಅಂದೆ. ಅವನು ಟೀ ಗ್ಲಾಸು ಕೆಳಗಿಟ್ಟು ನನ್ನ ಭುಜದ ಮೇಲೆ ಕೈ ಹಾಕಿದ.

"ಅಣ್ಣ, ನನ್ ಮಾತ್ ಕೇಳು. ನಾನೂ ಒಂದ್ಸಲ ಇಂಗೇ ಎಡ್ತಿ ಮ್ಯಾಲೆ ಕ್ವಾಪ ಮಾಡ್ಕಂಡು, ಇನ್ ಈ ಮನೆ ಬಾಗ್ಲು ತುಳಿಯಕಿಲ್ಲ ಅಂತ ಲಾರಿ ಅತ್ತಿ ಓಗ್ಬುಟ್ಟೆ. ವಾರ ಆಯ್ತು. ಒಂದ್ ಫೋನಿಲ್ಲ, ಏನಿಲ್ಲ. ತಡೀನಾರ್ದೆ ನಾನೇ ವಾಪಸ್ ಬಂದೆ."

"ಅವಳೇನಂದಳು?"

"ಏನಂತಾಳೆ? ನಾ ಕ್ವಾಪ ಮಾಡ್ಕಂಡ್ ಓಗಿದ್ದೇ ಅವ್ಳಿಗೆ ಗೊತ್ತಿಲ್ಲ. ಲೋಡಿಗೆ ಓಗವ್ನೆ ಅಂದ್ಕಂಡವ್ಳೆ!"

ನಾನು ನಕ್ಕು ನಕ್ಕು ಟೀ ಚೆಲ್ಲಿಕೊಂಡೆ. ಆ ಪುಣ್ಯಾತ್ಮ ನನ್ನ ಬೈಕಿನ ಸಡಿಲವಾಗಿದ್ದ ಚೈನು ಬಿಗಿ ಮಾಡಿಕೊಟ್ಟ. ಈ ಮಂಜಲ್ಲಿ ಒಬ್ಬನೇ ಇಳೀಬೇಡ, ನನ್ನ ಹಿಂದಿನ ಲೈಟು ನೋಡಿಕೊಂಡು ಬಾ ಅಂತ ಹೇಳಿ, ಘಾಟಿ ಮುಗಿಯೋವರೆಗೂ ತುಂಬಿದ ಲಾರಿಯನ್ನು ನನಗೋಸ್ಕರ ನಿಧಾನ ಓಡಿಸಿದ. ಅವನ ಕೆಂಪು ಲೈಟು ಇಲ್ಲದಿದ್ದರೆ ನಾನು ಯಾವ ತಿರುವಿನಲ್ಲಿ ಏನಾಗ್ತಿದ್ದೆನೋ. ಈಗಲೂ ನೆನೆಸಿಕೊಂಡರೆ ಕೈ ಮುಗೀಬೇಕು ಅನ್ನಿಸುತ್ತೆ. ಕೆಳಗೆ ಬಂದ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ:

"ಅಣ್ಣ, ಓಗೋದ್ ಓಗಿದ್ದೀಯ, ಕ್ವಾಪ ಮಾಡ್ಕಂಡಿವ್ನಿ ಅಂತ ಮನೆಗೊಂದ್ ಮಾತು ತಿಳಿಸ್ಬುಡು. ಇಲ್ದಿದ್ರೆ ವೇಸ್ಟು!"

ರೂಮು ಸಿಕ್ಕಿದ್ದು ಹೇಗೆ

ಮಾರನೇ ದಿನ ಮಧ್ಯಾಹ್ನ ಸಮುದ್ರದ ದಂಡೆಯ ಒಂದು ಸಣ್ಣ ಊರು ತಲುಪಿದೆ. ಒಂದು ಬಂದರು, ಒಂದು ಮೀನು ಮಾರ್ಕೆಟ್ಟು, ಕಡಲ ತೀರಕ್ಕೆ ಬೆನ್ನು ಹಾಕಿದ ಒಂದೇ ಒಂದು ಲಾಡ್ಜು. ಮ್ಯಾನೇಜರು ನನ್ನ ಹಿಂದೆ ಯಾರಾದರೂ ಇದ್ದಾರಾ ಅಂತ ಇಣುಕಿ ನೋಡಿದರು.

"ಒಬ್ರೇ ಬಂದದ್ದಾ? ಒಬ್ರಿಗೆ ರೂಮು ಕೊಡುವುದಿಲ್ಲ ಮಾರಾಯ್ರೆ. ಮನೆಯಲ್ಲಿ ಎಂತಾದ್ರೂ ಬೇಜಾರುಂಟಾ?"

ಕೊತ್ತತ್ತಿಯಿಂದ ಇಲ್ಲಿಯವರೆಗೂ ಅದೇ ಪ್ರಶ್ನೆ! ಹೆಂಡತಿಗೆ ಫೋನು ಮಾಡಿ ಅವರ ಕೈಗೇ ಕೊಟ್ಟೆ. ಅವಳು, "ಕೊಡಿ ಸ್ವಾಮಿ, ಪಾಪ, ಸಮುದ್ರ ಸಮುದ್ರ ಅಂತ ಒದ್ದಾಡ್ತಾವ್ರೆ" ಅಂದಳು. ಅದನ್ನು ಕೇಳಿ ಮ್ಯಾನೇಜರಿಗೆ ಇನ್ನೂ ಭಯವಾಯಿತು. ಅವಳ ನಂಬರು ಬರೆದುಕೊಂಡು, ಕೌಂಟರಿನ ಎದುರಿಗೇ ಇದ್ದ ರೂಮು ಕೊಟ್ಟರು. ನಾನು ತೀರಕ್ಕೆ ಹೊರಟರೆ ಜೊತೆಗೆ ವಯಸ್ಸಾದ ವಾಚ್‌ಮನ್ನನ್ನೂ ಕಳಿಸಿದರು.

ಆ ಮನುಷ್ಯ ನನ್ನ ಅಂಗಿಯ ತುದಿ ಹಿಡಿದುಕೊಂಡೇ ನಡೆದ. ತೀರ ಇನ್ನೂ ಬಂದಿರಲಿಲ್ಲ, ದಾರಿಯ ಕಟ್ಟೆ ಮೇಲೆ ಕೂತು ಅಳೋಕೆ ಶುರು ಮಾಡಿದ. ಏನಾಯ್ತು ಯಜಮಾನ್ರೇ ಅಂದರೆ, "ಬೆಳಿಗ್ಗೆ ಹೆಂಡ್ತಿ ಒಟ್ಟಿಗೆ ಗಲಾಟೆ ಆಯ್ತು. ನಾನು ಇನ್ನು ಮನೆಗೆ ಹೋಗುವುದಿಲ್ಲ" ಅಂದ.

ನಾನು ಸುಮ್ಮನಿರಬೇಕಿತ್ತು. ಆದರೆ ರಕ್ತ ಮಂಡ್ಯದ್ದಲ್ಲವಾ. ಅವನ ಪಕ್ಕ ಕೂತೆ, ಭುಜದ ಮೇಲೆ ಕೈ ಹಾಕಿದೆ. "ಬಾಯಿ ಒಂದಿಷ್ಟು ಜೋರಿರಬಹುದು, ನೀವು ಹೊಟ್ಟೆಗೆ ಹಾಕ್ಕೊಳ್ಳಿ" ಅಂದೆ. ಅಂದ ಮೇಲೆ ಇದನ್ನು ಎಲ್ಲೋ ಕೇಳಿದ್ದೀನಲ್ಲ ಅನ್ನಿಸಿತು. ಅವನನ್ನು ಕರೆದುಕೊಂಡು ಅವನ ಮನೆಗೇ ಹೋದೆ. ಆಕೆಗೆ ಎರಡು ಮಾತು, ಇವನಿಗೆ ಎರಡು ಮಾತು ಹೇಳಿ ರಾಜಿ ಮಾಡಿಸಿದೆ. ಆಕೆ ಸಂತೋಷಕ್ಕೆ ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ ಬಡಿಸಿದರು. ಅಂಥ ಸಾರು ನಾನು ಜನ್ಮದಲ್ಲಿ ಉಂಡಿಲ್ಲ, ಆ ತಾಯಿ ಹೊಟ್ಟೆ ತಣ್ಣಗಿರಲಿ. ಉಂಡು ಹೊರಗೆ ಬರೋ ಹೊತ್ತಿಗೆ ಸೂರ್ಯ ಮುಳುಗಿದ್ದ.

ಲಾಡ್ಜಿನ ಮ್ಯಾನೇಜರು ಗೇಟಿನಲ್ಲೇ ಕಾಯ್ತಾ ನಿಂತಿದ್ದರು. "ಸಮುದ್ರ ನೋಡಿದ್ರಾ?" ಅಂದರು. ಇಲ್ಲ, ನಿಮ್ಮ ವಾಚ್‌ಮನ್ ಮನೆ ನೋಡಿದೆ ಅಂದೆ.

ಯಜಮಾನರ ಫೋನು

ಆಗಲೇ ಹೆಂಡತಿಯ ಫೋನು ಬಂತು. ಅಳ್ತಾ ಇದ್ದಳು.

"ಊರಲ್ಲಿ ನನ್ ಮಾನ ಓಯ್ತಾ ಅದೆ ಕಣ್ರೀ. ಕೊತ್ತತ್ತಿಯಿಂದ ನನ್ ತಮ್ಮ ಎಲ್ರಿಗೂ ಫೋನ್ ಮಾಡವ್ನೆ. ಎಡ್ತಿ ಕಾಟ ತಡೀನಾರ್ದೆ ಗಂಡ ದೇಸಾಂತ್ರ ಓದ ಅಂತಾವ್ರೆ. ಅಕ್ಕಪಕ್ಕದೋರು ಸಾರು ತಂದ್ ಕೊಡ್ತಾವ್ರೆ, ಸಾವಿನ ಮನೇಗ್ ಕೊಟ್ಟಂಗೆ! ನಾನೇ ಕಳಿಸ್ದೆ ಅಂದ್ರೆ, ಪಾಪ ಸುಳ್ ಏಳ್ತಾವ್ಳೆ ಅಂತಾರೆ. ನೀವ್ ಬಂದ್ ನಿಮ್ ಬಾಯಲ್ಲೇ ಏಳಿ."

ತಪ್ಪೇ ಮಾಡದವಳಿಗೆ ಕೆಟ್ಟ ಹೆಸರು ಬಂತಲ್ಲ, ಅದೂ ನನ್ನ ಆಸೆಯಿಂದ. ಆದರೆ ಸಮುದ್ರ? ಗೋಡೆಯಾಚೆ ಅಲೆಯ ಸದ್ದು ಕೇಳ್ತಾ ಇತ್ತು, ಹಿಂದೆ ಪಾತ್ರೆ ಕಾಯುವಾಗ ಕೇಳಿದ ಹಾಗೇ. "ಬೆಳಿಗ್ಗೆ ಎದ್ದವನೇ ಒಂದ್ಸಲ ಕಣ್ತುಂಬ ನೋಡಿ, ಅಲ್ಲಿಂದ ಹಂಗೇ ಹೊರಡ್ತೀನಿ" ಅಂದೆ. ಅವಳು ಮೂಗೊರೆಸಿಕೊಂಡು, "ಆಯ್ತು, ನೋಡ್ಕಂಡೇ ಬನ್ನಿ" ಅಂದಳು. ಅಂಥ ಹೊತ್ತಲ್ಲೂ ನೋಡ್ಕಂಡೇ ಬನ್ನಿ ಅಂದಳಲ್ಲ, ಅದಕ್ಕೇ ಅವಳನ್ನು ಕಂಡರೆ ನನಗೆ ಪ್ರಾಣ.

ಅಷ್ಟರಲ್ಲಿ ಫೋನು ಬೇರೆ ಕೈಗೆ ಹೋಯಿತು. ಬೀದಿಯ ಯಜಮಾನರ ಧ್ವನಿ. "ಲೇ, ಎಲ್ಲಿದ್ದೀಯೋ ಅಲ್ಲೇ ಇರು. ಅಳ್ಳಾಡ್ಬೇಡ."

ಯಾಕೆ ಅಂತ ಕೇಳೋದರೊಳಗೆ ಕಟ್ಟಾಯಿತು.

ಕಡಲ ದಂಡೆಯ ಪಂಚಾಯ್ತಿ

ಬೆಳಗ್ಗೆ ತೀರಕ್ಕೆ ಹೋದೆ. ಕೊನೆಗೂ ಒಬ್ಬನೇ. ಎದುರಿಗೆ ಸಮುದ್ರ. ಮೊದಲು ನನಗೆ ಅನ್ನಿಸಿದ್ದನ್ನು ನಾಚಿಕೆ ಬಿಟ್ಟು ಹೇಳ್ತೀನಿ: ಇಷ್ಟೊಂದು ನೀರು, ಗದ್ದೆಗೆ ಬಿಡೋಕೆ ಒಂದು ತೂಬೂ ಇಲ್ಲವಲ್ಲ! ಆಮೇಲೆ ಅಲೆ ಬಂದು ಕಾಲು ತೊಳೆಯಿತು. ಎದೆ ತುಂಬಿ ಬಂತು. ಇನ್ನೇನು ಮರಳ ಮೇಲೆ ಕೂರಬೇಕು, ಹಿಂದಿನಿಂದ ಹಾರ್ನು ಕೇಳಿಸಿತು.

ಓಡಿ ಹೋಗಿ ನೋಡಿದರೆ ಲಾಡ್ಜಿನ ಗೇಟಿನಲ್ಲಿ ಮದ್ದೂರಿನ ಟೆಂಪೋ ಟ್ರಾವೆಲರ್ರು. ಬಾಗಿಲು ತೆರೆಯಿತು. ಮೊದಲು ಇಳಿದದ್ದು ಹಂಡೆ. ಆಮೇಲೆ ಸ್ಟೌವು, ರಾಗಿಹಿಟ್ಟಿನ ಚೀಲ. ಆಮೇಲೆ ಯಜಮಾನರು, ಭಾವಮೈದ, ನಮ್ಮ ಬೀದಿಯ ಅರ್ಧ ಜನ, ಕೊನೆಗೆ ಹೊಸ ಸೀರೆ ಉಟ್ಟುಕೊಂಡ ನನ್ನ ಹೆಂಡತಿ. ಲಾಡ್ಜಿನ ಮ್ಯಾನೇಜರೇ ಅವರಿಗೆ ಫೋನಿನಲ್ಲಿ ದಾರಿ ಹೇಳಿದ್ದರಂತೆ.

ಯಜಮಾನರು ಎಲ್ಲರನ್ನೂ ತೀರಕ್ಕೆ ಕರೆದುಕೊಂಡು ಬಂದು, ಮರಳ ಮೇಲೆ ಟವೆಲು ಹಾಸಿ ಸಮುದ್ರದ ಕಡೆ ಮುಖ ಮಾಡಿ ಕೂತರು. ನನ್ನನ್ನು ಎದುರಿಗೆ ನಿಲ್ಲಿಸಿದರು. ಹಾಗಾಗಿ ಸಮುದ್ರ ನನ್ನ ಬೆನ್ನಿಗೆ ಹೋಯಿತು.

"ಏನ್ಲಾ ನಿನ್ ಕಷ್ಟ?"

"ಕಷ್ಟ ಇಲ್ಲ. ಸಮುದ್ರ ನೋಡೋಕೆ ಬಂದೆ."

"ನೀನೇನಂದೆ ಕಣವ್ವ?"

"ಓಗ್ಬನ್ನಿ ಅಂದೆ."

"ಮತ್ಯಾಕೆ ನಮ್ಗೆ ಏಳ್ನಿಲ್ಲ?"

"ಬಂದೋರ್ಗೆಲ್ಲ ಏಳ್ದೆ. ನೀವ್ಯಾರ್ ನಂಬುದ್ರಿ?"

ಯಜಮಾನರು ಮೀಸೆ ಸವರಿಕೊಂಡರು. ಭಾವಮೈದ ನೆಲ ನೋಡಿದ. ಜನಕ್ಕೆ ನಿರಾಸೆಯಾಗಿದ್ದು ಮುಖದಲ್ಲೇ ಕಾಣ್ತಿತ್ತು. ಕೊನೆಗೆ ಯಜಮಾನರು ತೀರ್ಪು ಕೊಟ್ಟರು. "ಈ ಎಣ್ಮಗಳ್ದು ಸಾಸ್ವೆ ಕಾಳಷ್ಟೂ ತಪ್ಪಿಲ್ಲ. ಊರಲ್ಲಿ ಇನ್ನೊಂದ್ಸಲ ಯಾರಾದ್ರೂ ನಾಲ್ಗೆ ಆಡ್ಸುದ್ರೆ ನನ್ ತಾವ ಬರ್ಲಿ."

ನನ್ನ ಹೆಂಡತಿ ಸೆರಗು ಸರಿ ಮಾಡಿಕೊಂಡು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ನನಗೆ ಹೋದ ಜೀವ ಬಂದ ಹಾಗಾಯಿತು.

"ಆದ್ರೆ ಇಷ್ಟ್ ದೂರ ಬಂದು, ತಪ್ಪೇ ಇಲ್ಲ ಅಂತ ಓಗಕಾಯ್ತದಾ? ತಪ್ಪು ನಿಂದೇ ಕಣ್ಲಾ. ನಮ್ಮುನ್ನೆಲ್ಲ ಬುಟ್ಟು ಒಬ್ನೇ ಬಂದೆ" ಅಂದರು ಯಜಮಾನರು.

ತಪ್ಪಾಯ್ತು ಅಂದೆ. ದಂಡ ಏನು ಅಂದೆ. ಯಜಮಾನರು ಸಮುದ್ರ ನೋಡಿದರು. ಆಗಲೇ ಸೀರೆ ಎತ್ತಿ ಕಟ್ಟುತ್ತಿದ್ದ ಹೆಂಗಸರನ್ನು ನೋಡಿದರು. ಲಾಡ್ಜಿನ ಗೋಡೆಯಾಚೆ ಇಳಿಸಿದ್ದ ಹಂಡೆಯ ಕಡೆ ನೋಡಿದರು.

"ಓಗು, ಪಾತ್ರೆ ಕಾಯಿ. ನಾವ್ ಒಂದ್ ಗಳಿಗೆ ನೀರಿಗಿಳ್ದು ಬತ್ತೀವಿ."

ಎಲ್ಲರೂ ಹೋ ಅಂತ ಓಡಿದರು. ನಾನು ಗೋಡೆಯ ಹಿಂದೆ ಬಂದು ಹಂಡೆಯ ಪಕ್ಕ ಕೂತೆ. ಕೋಪ ಬರಬೇಕಿತ್ತು, ಬರಲಿಲ್ಲ. ನಾಟಿ ಕೆಲಸ ಬಿಟ್ಟು, ಹಸು ಕರೆಯೋದನ್ನು ಯಾರಿಗೋ ವಹಿಸಿ, ರಾತ್ರಿಯೆಲ್ಲ ಕೂತಲ್ಲೇ ತೂಕಡಿಸಿಕೊಂಡು ಇಷ್ಟು ಜನ ಬಂದಿದ್ದಾರೆ. ನಾನು ನಿಜಕ್ಕೂ ನೊಂದು ಮನೆ ಬಿಟ್ಟಿದ್ದರೂ ಹೀಗೇ ಬರ್ತಿದ್ದರು. ಇಂಥ ಊರಲ್ಲಿ ಹುಟ್ಟೋಕೂ ಪುಣ್ಯ ಮಾಡಿರಬೇಕು ಅನ್ನಿಸಿ ಕಣ್ಣು ಒದ್ದೆಯಾಯಿತು.

ಲಾಡ್ಜಿನ ಮ್ಯಾನೇಜರು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಒಬ್ರೇ ಅಂದಿದ್ರಲ್ಲ ಮಾರಾಯ್ರೆ?"

"ಈಗಲೂ ಒಬ್ಬನೇ, ನೋಡಿ ಸಾರ್" ಅಂದೆ.

ಸ್ವಲ್ಪ ಹೊತ್ತಿಗೆ ನನ್ನ ಹೆಂಡತಿ ಬಂದಳು. ಹೊಸ ಸೀರೆ ಮೊಣಕಾಲವರೆಗೂ ನೆಂದಿತ್ತು. ಎರಡೂ ಕೈಯಲ್ಲಿ ಒಂದು ಚೊಂಬು ಹಿಡಿದುಕೊಂಡು, ಚೆಲ್ಲದ ಹಾಗೆ ಮೆಲ್ಲಗೆ ನಡೆದು ಬಂದು ನನ್ನ ಮುಂದಿಟ್ಟಳು.

"ಬೇಜಾರ್ ಮಾಡ್ಕಬೇಡಿ. ನಿಮ್ಗೇ ಅಂತ ತಂದಿವ್ನಿ. ನೋಡ್ಕಳಿ."

ಬಗ್ಗಿ ಚೊಂಬಿನೊಳಗೆ ನೋಡಿದೆ. "ಅಲೆ ಎಲ್ಲೇ?" ಅಂದೆ.

ಅವಳು ಚೊಂಬು ಹಿಡಿದು ಅಲ್ಲಾಡಿಸಿದಳು. "ಈಗ ನೋಡಿ" ಅಂದಳು.